ಪಕ್ಕದ ಮೇಜಿನವರ ನಂಬಿಕೆ, ನಮ್ಮ ನಡತೆ

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಎಂಬ ಶರಣ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಅದೇ ಅವನ ಕಾಯಕ. ಆ ಅಕ್ಕಿಯಲ್ಲೇ ಮನೆ ನಡೆಯಬೇಕು, ಜಂಗಮರಿಗೆ ದಾಸೋಹವೂ ಆಗಬೇಕು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ನಮಗೆ ಇಷ್ಟು ಬೇಕಿಲ್ಲ, ಹೆಚ್ಚಾದದ್ದನ್ನು ತಂದ ಜಾಗದಲ್ಲೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳಿಸಿದಳು.

ಕೆಲಸದ ಜಾಗದಲ್ಲಿ ಭಕ್ತಿ ಹೇಗಿರಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಪ್ರಸಂಗ. ದಿನಕ್ಕೆ ಎಂಟು ಒಂಬತ್ತು ತಾಸು ನಾವು ಕಚೇರಿ, ಬ್ಯಾಂಕು, ಶಾಲೆ, ಕಾರ್ಖಾನೆಗಳಲ್ಲಿ ಕಳೆಯುತ್ತೇವೆ. ಎಚ್ಚರವಿರುವ ಹೊತ್ತಿನಲ್ಲಿ ಮನೆಯವರಿಗಿಂತ ಹೆಚ್ಚಾಗಿ ಸಹೋದ್ಯೋಗಿಗಳ ಮುಖವನ್ನೇ ನೋಡುತ್ತೇವೆ. ಅವರ ದೇವರು ಬೇರೆ, ಊಟ ಬೇರೆ, ಕಷ್ಟ ಬೇರೆ. ದೇವರನ್ನು ನಂಬದವರೂ ಇರುತ್ತಾರೆ. ಇಷ್ಟು ಜನ ಒಂದೇ ಸೂರಿನಡಿ ನೆಮ್ಮದಿಯಾಗಿರಬೇಕಾದರೆ ಒಬ್ಬೊಬ್ಬರ ನಂಬಿಕೆಯೂ ಅವರವರ ನಡತೆಯಲ್ಲಿ ಕಾಣಬೇಕು, ಪಕ್ಕದವರಿಗೆ ಹೊರೆಯಾಗಬಾರದು. ಅದಕ್ಕೆ ದಿನನಿತ್ಯ ಬೇಕಾಗುವ ಕೆಲವು ವಿವರಗಳು ಇಲ್ಲಿವೆ.

ಲಕ್ಕಮ್ಮನ ಅಳತೆಯಿಂದಲೇ ಶುರು ಮಾಡೋಣ. ಬಸ್ಸಿನಲ್ಲಿ ಹೋಗಿ ಬಂದು ಪ್ರವಾಸ ಭತ್ಯೆಯ ಬಿಲ್ಲಿನಲ್ಲಿ ಟ್ಯಾಕ್ಸಿ ಎಂದು ಬರೆಯುವುದು, ತಡವಾಗಿ ಬರುವ ಗೆಳೆಯನ ಹಾಜರಿಯನ್ನು ನಾವೇ ಹಾಕಿಬಿಡುವುದು, ಕಿರಿಯರು ರಾತ್ರಿಯೆಲ್ಲ ಕೂತು ತಯಾರಿಸಿದ ವರದಿಯನ್ನು ನಮ್ಮ ಹೆಸರಿನಲ್ಲಿ ಮೇಲಕ್ಕೆ ಕಳಿಸುವುದು. ಇವನ್ನು ಯಾರೂ ಕಳ್ಳತನ ಎಂದು ಕರೆಯುವುದಿಲ್ಲ. ಹಾಗಾಗಿಯೇ ದಿನವೂ ತಪ್ಪದೆ ಪೂಜೆ ಮಾಡುವವರ, ನಮಾಜು ಮಾಡುವವರ, ಪ್ರಾರ್ಥನೆಗೆ ಹೋಗುವವರ ಕೈಯಿಂದಲೂ ನಡೆದುಹೋಗುತ್ತವೆ. ಬಿಲ್ಲು ಬರೆಯುವ ಮುನ್ನ ಒಂದು ಪ್ರಶ್ನೆ ಸಾಕು: ಇದನ್ನು ನನ್ನ ಮಗಳು ಓದಿದರೆ ನಾನು ವಿವರಿಸಬಲ್ಲೆನೆ? ದೀಪಾವಳಿ ಹೊತ್ತಿಗೆ ಗುತ್ತಿಗೆದಾರರು ತಂದಿಡುವ ಡಬ್ಬಿಗಳ ವಿಚಾರವೂ ಇದೇ. ಮಿಠಾಯಿಯಾದರೆ ಎಲ್ಲರೆದುರು ತೆರೆದು ಹಂಚಿಬಿಡಿ. ಬೆಳ್ಳಿ, ಗಿಫ್ಟ್ ಕಾರ್ಡು, ನಗದಾದರೆ ಅಂದೇ ಹಿಂದಿರುಗಿಸಿ, ಹಿಂದಿರುಗಿಸಿದ್ದನ್ನು ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿ. ಬರಹದಲ್ಲಿ ಇದ್ದರೆ ನಾಳೆ ಯಾರ ಬಾಯಿಗೂ ಅದು ಆಹಾರವಾಗುವುದಿಲ್ಲ.

ಉಪವಾಸ, ಊಟ, ರಜೆ

ಪಕ್ಕದವರ ನಂಬಿಕೆಯನ್ನು ಗೌರವಿಸಬೇಕಾದರೆ ಮೊದಲು ಅವರ ದಿನಚರಿ ತಿಳಿದಿರಬೇಕು. ರಂಜಾನ್ ತಿಂಗಳಲ್ಲಿ ರೋಜಾ ಇರುವವರು ನಸುಕಿಗೆ ಮೊದಲೇ ಎದ್ದು ಸಹರಿ ಮುಗಿಸಿರುತ್ತಾರೆ. ಆಮೇಲೆ ಸೂರ್ಯ ಮುಳುಗುವವರೆಗೆ ಒಂದು ಗುಟುಕು ನೀರೂ ಇಲ್ಲ. ರಾತ್ರಿ ತರಾವೀಹ್ ನಮಾಜು ಇರುವುದರಿಂದ ನಿದ್ದೆಯೂ ಕಡಿಮೆ. ಮಧ್ಯಾಹ್ನ ಮೂರರ ಮೇಲೆ ದೇಹ ಸೋಲುತ್ತದೆ. ತಲೆಗೆ ಕೆಲಸ ಕೊಡುವ ಸಭೆಗಳನ್ನು ಆ ತಿಂಗಳು ಬೆಳಿಗ್ಗೆಯೇ ಇಟ್ಟುಕೊಂಡರೆ ಎಲ್ಲರಿಗೂ ಅನುಕೂಲ. ಇಫ್ತಾರ್ ವೇಳೆಗೆ ಮನೆಯನ್ನೋ ಮಸೀದಿಯನ್ನೋ ತಲುಪುವಂತೆ ಪಾಳಿ ಬದಲಿಸಿಕೊಟ್ಟರೆ ಅದು ದೊಡ್ಡ ಉಪಕಾರ. ಅವರೆದುರು ಬುತ್ತಿ ಬಿಚ್ಚಲು ಸಂಕೋಚ ಬೇಡ. ಆದರೆ ನಿವೃತ್ತರ ಬೀಳ್ಕೊಡುಗೆ ಊಟವನ್ನು ಅದೇ ತಿಂಗಳ ಮಧ್ಯಾಹ್ನಕ್ಕೆ ಇಡಬೇಡಿ. ಹಿಜರಿ ವರ್ಷ ನಮ್ಮ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದ್ದರಿಂದ ರಂಜಾನ್ ವರ್ಷವರ್ಷವೂ ಹಿಂದಕ್ಕೆ ಸರಿಯುತ್ತದೆ, ಕಳೆದ ಸಲದ ಲೆಕ್ಕ ಈ ಸಲ ನಡೆಯುವುದಿಲ್ಲ. ಈದ್ ಕೂಡ ಚಂದ್ರದರ್ಶನದ ಮೇಲೆ ನಿಂತಿದೆ. ರಜೆ ಮಂಜೂರು ಮಾಡುವವರು ಒಂದು ದಿನ ಹಿಂದೆ ಮುಂದೆ ಆಗಲು ಅವಕಾಶ ಇಟ್ಟುಕೊಂಡಿರಬೇಕು. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜಿನ ಹೊತ್ತಿಗೆ ಸಭೆ ಕರೆಯದಿರುವುದಂತೂ ಯಾವ ಖರ್ಚೂ ಇಲ್ಲದ ಸೌಜನ್ಯ.

ಸಂಕಷ್ಟಿ ಮಾಡುವವರು ಚಂದ್ರೋದಯದವರೆಗೆ ಊಟ ಮಾಡುವುದಿಲ್ಲ. ಏಕಾದಶಿಯಂದು ಹಲವರಿಗೆ ಅನ್ನ ವರ್ಜ್ಯ. ಕ್ಯಾಂಟೀನಿನಲ್ಲಿ ಹಣ್ಣು, ಹಾಲು ಇದ್ದರೆ ಅವರ ದಿನ ಸುಗಮ. ಜೈನರಲ್ಲಿ ಅನೇಕರು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಮುಟ್ಟುವುದಿಲ್ಲ, ಸೂರ್ಯಾಸ್ತದ ಮೇಲೆ ಉಣ್ಣುವುದೂ ಇಲ್ಲ. ತಂಡದ ಊಟವನ್ನು ಪ್ರತಿ ಸಲವೂ ರಾತ್ರಿ ಒಂಬತ್ತಕ್ಕೇ ಇಟ್ಟರೆ ಅವರನ್ನು ನಾವೇ ಹೊರಗಿಟ್ಟಂತೆ. ಅಂಥವರು ಬಾಯಿಬಿಟ್ಟು ಹೇಳುವುದೂ ಇಲ್ಲ, ಏನೋ ಕೆಲಸವಿದೆ ಎಂದು ಜಾರಿಕೊಳ್ಳುತ್ತಾರೆ. ವರ್ಷಕ್ಕೆ ಎರಡು ಸಲವಾದರೂ ಅದು ಮಧ್ಯಾಹ್ನದ ಊಟವಾಗಲಿ. ಮಾಂಸ ಉಣ್ಣುವವರ ಬುತ್ತಿಗೂ ಇದೇ ಗೌರವ ಸಲ್ಲಬೇಕು. ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಎದ್ದುಹೋಗುವುದು ಎದುರಿನವರ ತಾಯಿ ಮಾಡಿ ಕಳಿಸಿದ ಅಡುಗೆಗೆ ಮಾಡುವ ಅವಮಾನ. ಬಿಸಿ ಮಾಡುವ ಮೈಕ್ರೋವೇವ್ ಒಂದೇ ಇದ್ದರೆ ತಟ್ಟೆ ಮುಚ್ಚಿ ಬಿಸಿ ಮಾಡುವುದು, ಮುಗಿದ ಮೇಲೆ ಒರೆಸಿಡುವುದು ಎಲ್ಲರಿಗೂ ಒಂದೇ ನಿಯಮವಾಗಿರಲಿ.

ಅಯ್ಯಪ್ಪ ಮಾಲೆ ಹಾಕಿದವರು 41 ದಿನ ವ್ರತದಲ್ಲಿರುತ್ತಾರೆ. ಕಪ್ಪು ಬಟ್ಟೆ, ಬರಿಗಾಲು. ಕಚೇರಿಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಉಡುಪಿನ ನಿಯಮವನ್ನು ಅಷ್ಟು ದಿನ ಸಡಿಲಿಸಬಹುದು. ಕಾರ್ಖಾನೆಯ ಯಂತ್ರಗಳ ನಡುವೆ ಮಾತ್ರ ಮಾತು ಬೇರೆ. ಲೇತ್, ಪ್ರೆಸ್, ಫೋರ್ಕ್‌ಲಿಫ್ಟ್ ಓಡಾಡುವ ಕಡೆ ಸುರಕ್ಷತಾ ಬೂಟು ಇಲ್ಲದೆ ಯಾರನ್ನೂ ಬಿಡಬಾರದು, ಯಾವ ವ್ರತದ ಹೆಸರಿನಲ್ಲೂ ಬಿಡಬಾರದು. ಮೇಲ್ವಿಚಾರಕರಾದವರು ಮಾಲೆ ಬೀಳುವ ಮುನ್ನವೇ ಮಾತಾಡಿ ಅವರನ್ನು ಅಷ್ಟು ದಿನ ಪ್ಯಾಕಿಂಗ್, ದಾಖಲೆ, ತಪಾಸಣೆಯ ಮೇಜಿಗೆ ಹಾಕಿದರೆ ವ್ರತವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ. ಕಡಗ, ಉಂಗುರ, ಕೈಗೆ ಕಟ್ಟಿದ ದಾರದ ವಿಷಯದಲ್ಲೂ ತಿರುಗುವ ಯಂತ್ರದ ಮುಂದೆ ಇದೇ ನ್ಯಾಯ.

ರಜೆಯ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಕರ್ನಾಟಕದಲ್ಲಿ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆಂದೇ 1963ರ ಕಾಯ್ದೆಯಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಇವುಗಳ ಜೊತೆಗೆ ಐದು ಹಬ್ಬದ ರಜೆ. ಆ ದಿನ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ, ಇಲ್ಲವೇ ಕೂಲಿಯ ಜೊತೆ ಬದಲಿ ರಜೆ ಕೊಡಬೇಕು. ಐದು ಹಬ್ಬ ಯಾವುವು ಎಂಬ ಪಟ್ಟಿ ತಯಾರಾಗುವ ಹೊತ್ತಿನಲ್ಲೇ ಎಲ್ಲರೂ ಬಾಯಿಬಿಡಬೇಕು. ಐದರಲ್ಲಿ ಎಲ್ಲರ ಹಬ್ಬವೂ ಸೇರುವುದು ಸಾಧ್ಯವಿಲ್ಲ. ಮಂಗಳೂರಿನ ಕ್ಯಾಥೊಲಿಕರಿಗೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಎಂದರೆ ಹೊಸ ತೆನೆ ಮನೆಗೆ ಬರುವ ದಿನ; ಬೆಂಗಳೂರಿನ ಕಚೇರಿಯ ಪಟ್ಟಿಯಲ್ಲಿ ಅದು ಇರುವುದಿಲ್ಲ. ಊರ ಜಾತ್ರೆ, ತೇರು, ಮನೆತನದ ನೇಮ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಆದರೆ ಎಷ್ಟೋ ಮಂದಿಗೆ ವರ್ಷದ ದೊಡ್ಡ ಹಬ್ಬ ಅದೇ. ಇಲ್ಲಿಯೇ ಸಹೋದ್ಯೋಗಿಗಳ ಒಳ್ಳೆಯತನ ಕೆಲಸಕ್ಕೆ ಬರುವುದು. ಕ್ರಿಸ್‌ಮಸ್‌ಗೆ ನಾನು ನಿಮ್ಮ ಪಾಳಿ ನೋಡಿಕೊಳ್ಳುತ್ತೇನೆ, ಯುಗಾದಿಗೆ ನೀವು ನನ್ನದು ನೋಡಿಕೊಳ್ಳಿ ಎಂಬ ಒಪ್ಪಂದ ಇರುವ ತಂಡದಲ್ಲಿ ಸೌಹಾರ್ದದ ಭಾಷಣ ಬೇಕಾಗುವುದಿಲ್ಲ.

ಕೇಳಬಾರದ ಪ್ರಶ್ನೆ

ಹೊಸಬರು ಸೇರಿದ ಮೊದಲ ವಾರ ನಮ್ಮಲ್ಲಿ ಒಂದು ಪ್ರಶ್ನೆ ಸುತ್ತಿ ಬಳಸಿ ಬರುತ್ತದೆ. "ನಿಮ್ಮ ಕಡೆ ಯಾರು?" "ಮನೇಲಿ ವೆಜ್ಜಾ?" "ಪೂರ್ತಿ ಹೆಸರು ಏನಂದ್ರಿ?" "ಆ ಊರಲ್ಲಿ ಯಾವ ಕೇರಿ?" ಕೇಳುವವರಿಗೆ ಇದು ಪರಿಚಯದ ಮಾತು. ಕೇಳಿಸಿಕೊಳ್ಳುವವರಿಗೆ ತಾವು ಯಾವ ಜಾತಿ ಎಂದು ತೂಗಿ ನೋಡುತ್ತಿದ್ದಾರೆ ಎಂಬುದು ತಕ್ಷಣ ಗೊತ್ತಾಗುತ್ತದೆ. ಉತ್ತರ ಸಿಕ್ಕಿದ ಮೇಲೆ ಕೇಳಿದವರ ಮುಖದಲ್ಲಿ ಆಗುವ ಬದಲಾವಣೆಯೂ ಕಾಣುತ್ತದೆ. ಮರುದಿನದಿಂದ ಊಟದ ಮೇಜಿನಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದೂ ಬದಲಾಗುವ ಕಚೇರಿಗಳಿವೆ.

ಇದನ್ನು ನಾನು ಈ ಲೇಖನದ ಬೇರೆಲ್ಲ ಮಾತಿಗಿಂತ ಒತ್ತಿ ಹೇಳಬಯಸುತ್ತೇನೆ: ಕೆಲಸದ ಜಾಗದಲ್ಲಿ ಯಾರ ಜಾತಿಯನ್ನೂ ಕೇಳಬೇಡಿ, ಊಹಿಸಬೇಡಿ, ಊಹಿಸಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬೇಡಿ. ಮೀಸಲಾತಿಯಿಂದ ಬಂದವರು ಎಂಬ ಪಿಸುಮಾತು ಒಬ್ಬ ಪ್ರಾಮಾಣಿಕ ನೌಕರರ ಹತ್ತು ವರ್ಷದ ದುಡಿಮೆಯನ್ನು ಒಂದು ಗಳಿಗೆಯಲ್ಲಿ ಅಳಿಸಿಹಾಕುತ್ತದೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ನಿಷೇಧಿಸಿದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಹತ್ತು ಜನರೆದುರು ಜಾತಿ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಆದರೆ ಕಾನೂನಿನ ಕೈಗೆ ಸಿಗದಷ್ಟು ಸಣ್ಣ ರೂಪದಲ್ಲಿ ಜಾತಿ ಕೆಲಸ ಮಾಡುತ್ತದೆ: ಮನೆಗೆಲಸದವರಿಗಿಟ್ಟಂತೆ ಸಫಾಯಿಯವರಿಗೆ ಬೇರೆ ಲೋಟ, ಅವರು ಮೆಟ್ಟಿಲ ಕೆಳಗೆ ಕೂತು ಉಣ್ಣಬೇಕೆಂಬ ಹೇಳದ ಕಟ್ಟಳೆ, ವಯಸ್ಸಾದವರನ್ನೂ ಏಕವಚನದಲ್ಲಿ ಕೂಗುವುದು. ನಾಳೆಯೇ ಮಾಡಬಹುದಾದ ಬದಲಾವಣೆಗಳು ಇವು. ಲೋಟಗಳು ಒಂದೇ ತರಹ ಇರಲಿ. ಊಟದ ಕೋಣೆ ಎಲ್ಲರದಾಗಲಿ. ನೆಲ ಒರೆಸುವ ಹೆಂಗಸಿನ ಹೆಸರು ತಿಳಿದುಕೊಂಡು, ಹೆಸರಿನ ಮುಂದೆ ಅಮ್ಮನೋ ಅಕ್ಕನೋ ಸೇರಿಸಿ, ಬನ್ನಿ ಹೋಗಿ ಎಂದೇ ಮಾತಾಡಿಸಿ.

ಯಾರಾದರೂ ಕೇಳಬಾರದ್ದನ್ನು ಕೇಳಿದಾಗ ಅಲ್ಲೇ ಇದ್ದವರು ಸುಮ್ಮನಿರುವುದು ಅದಕ್ಕಿಂತ ಹೆಚ್ಚು ನೋಯಿಸುತ್ತದೆ. ಜಗಳ ಬೇಕಿಲ್ಲ. "ಅದು ಬಿಡಿ ಸರ್, ಅವರಿಗೆ ಮೊದಲು ಕೆಲಸ ತೋರಿಸೋಣ" ಎಂದರೆ ಸಾಕು, ಹೊಸಬರಿಗೆ ತಮ್ಮ ಪರ ಒಬ್ಬರಿದ್ದಾರೆ ಎಂದು ಧೈರ್ಯ ಬರುತ್ತದೆ. ನಮ್ಮಿಂದಲೇ ನೋವಾಗಿದ್ದರೆ ಏನು ಮಾಡಬೇಕೆಂದು ಜೈನರ ಒಂದು ಆಚರಣೆ ಹೇಳಿಕೊಡುತ್ತದೆ. ದಿಗಂಬರ ಜೈನರು ಭಾದ್ರಪದದಲ್ಲಿ ಹತ್ತು ದಿನ ದಶಲಕ್ಷಣ ಪರ್ವ ನಡೆಸಿ, ಅದು ಮುಗಿದ ಮೇಲೆ ಕ್ಷಮಾವಣಿಯಂದು ತಿಳಿದೋ ತಿಳಿಯದೆಯೋ ನೋಯಿಸಿದವರ ಬಳಿ ಕೈಜೋಡಿಸಿ ಕ್ಷಮೆ ಕೇಳುತ್ತಾರೆ. ನೆಪ ಹೇಳುವುದಿಲ್ಲ, ನೀವೂ ಹಾಗೆ ಅಂದಿರಲ್ಲ ಎನ್ನುವುದಿಲ್ಲ. ಹಿರಿಯ ಅಧಿಕಾರಿಗಳಿಗೆ ಇದು ಬಹಳ ಬೇಕಾದ ಗುಣ. ನಾಲ್ಕು ಜನರೆದುರು ಗದರಿದ್ದರೆ ಕ್ಷಮೆಯನ್ನೂ ಆ ನಾಲ್ಕು ಜನರೆದುರೇ ಕೇಳಬೇಕು. ಕೋಣೆಗೆ ಕರೆದು ಗುಟ್ಟಾಗಿ ಹೇಳಿದರೆ ಹೋದ ಮಾನ ತಿರುಗಿ ಬರುವುದಿಲ್ಲ.

ಚಂದಾ ಪಟ್ಟಿ ಮತ್ತು ವಾಟ್ಸಾಪ್ ಗುಂಪು

ಆಯುಧ ಪೂಜೆ ನಮ್ಮ ಕಾರ್ಖಾನೆ, ಡಿಪೊ, ಗ್ಯಾರೇಜುಗಳಲ್ಲಿ ಮತಭೇದವಿಲ್ಲದೆ ಎಲ್ಲರೂ ಸೇರುವ ಹಬ್ಬ. ಯಂತ್ರ ತೊಳೆದು, ಎಣ್ಣೆ ಹಾಕಿ, ಹೂ ಮುಡಿಸುವ ದಿನ ಹಾಗೆಯೇ ಉಳಿಯಲಿ. ಚಂದಾ ಎತ್ತುವಾಗ ಮಾತ್ರ ಹೆಸರು, ಮೊತ್ತದ ಪಟ್ಟಿ ಹಿಡಿದು ಮೇಜಿನಿಂದ ಮೇಜಿಗೆ ಹೋಗಬೇಡಿ. ಮೇಲಧಿಕಾರಿ 1,000 ಬರೆದ ಕೆಳಗೆ ಅಟೆಂಡರ್ 100 ಬರೆಯಲು ನಾಚಿ 500 ಬರೆಯುತ್ತಾರೆ, ತಿಂಗಳ ಕೊನೆಯಲ್ಲಿ ಅದು ಮನೆಯ ಗ್ಯಾಸಿಗೆ ಹೊಡೆತ. ಒಂದು ಮುಚ್ಚಿದ ಡಬ್ಬಿ ಇಟ್ಟು, ಇಷ್ಟವಿದ್ದವರು ಇಷ್ಟವಿದ್ದಷ್ಟು ಹಾಕಲಿ ಎಂದುಬಿಡಿ. ಖರ್ಚಿನ ಲೆಕ್ಕ ಗೋಡೆಗೆ ಅಂಟಿಸಿ. ಕುಂಕುಮ ಇಟ್ಟುಕೊಳ್ಳದವರನ್ನು, ಆರತಿಗೆ ಬಾರದವರನ್ನು ಯಾಕೆಂದು ಕೇಳಬೇಡಿ. ಸಂವಿಧಾನದ 25ನೆಯ ವಿಧಿ ಕೊಡುವುದು ಅಂತಃಸಾಕ್ಷಿಯ ಸ್ವಾತಂತ್ರ್ಯ. ಆಚರಿಸುವ ಹಕ್ಕಿನಷ್ಟೇ ಆಚರಿಸದೆ ಇರುವ ಹಕ್ಕೂ ಅದರಲ್ಲಿದೆ. ಬೂದುಗುಂಬಳಕಾಯಿ ಒಡೆದ ಮೇಲೆ ಹೋಳುಗಳನ್ನು ರಸ್ತೆಯಿಂದ ನಾವೇ ತೆಗೆಯಬೇಕು, ಅದರ ಮೇಲೆ ಜಾರುವುದು ಯಾರೋ ಬೈಕ್ ಸವಾರರು.

ಕೆಲಸದ ವಾಟ್ಸಾಪ್ ಗುಂಪು ಕೆಲಸಕ್ಕೆ ಮಾತ್ರ. ದೇವರ ಚಿತ್ರ, ಧರ್ಮಗ್ರಂಥದ ಮಾತು, ಬೇರೆಯವರ ಮತವನ್ನು ಹೀಗಳೆಯುವ ವಿಡಿಯೊ ಯಾವುದೂ ಅಲ್ಲಿ ಬೇಡ. ಶುಭಾಶಯ ಹೇಳಬೇಕೆನಿಸಿದರೆ ಎದ್ದು ಅವರ ಮೇಜಿಗೆ ಹೋಗಿ ಹೇಳಿ.

ಮನಸ್ಸು ಸೋತಾಗ

ಹೊತ್ತಿಗೆ ಸರಿಯಾಗಿ ಉಣ್ಣುವುದು ಆರೋಗ್ಯದ ಮೊದಲ ಮೆಟ್ಟಿಲು, ಅದು ಕಾನೂನಿನಲ್ಲೂ ಇದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ ಒಂದೇ ಸಮನೆ ಐದು ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ, ನಡುವೆ ಒಂದು ತಾಸು ಬಿಡುವು ಕೊಡಬೇಕು. ಆ ಒಂದು ತಾಸನ್ನು ಕಂಪ್ಯೂಟರ್ ಮುಂದೆಯೇ ಕಳೆಯುವ ಅಭ್ಯಾಸವನ್ನು ಹಿರಿಯರು ಮೊದಲು ಬಿಡಬೇಕು. ಅವರು ಏಳದೆ ಕಿರಿಯರು ಏಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದ ಬಳಲಿಕೆಯನ್ನು ತನ್ನ ಕಾಯಿಲೆಗಳ ವರ್ಗೀಕರಣದಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ಸಮಸ್ಯೆಯಾಗಿ ವಿವರಿಸಿತು. ಅದರ ಗುರುತುಗಳು ಮೂರು: ಶಕ್ತಿ ಪೂರಾ ಬತ್ತಿದ ಹಾಗಿರುವುದು, ಕೆಲಸದ ಮೇಲೆ ಮನಸ್ಸು ಮುರಿಯುವುದು, ಮಾಡುವ ಕೆಲಸದ ಸಾಮರ್ಥ್ಯ ಕುಗ್ಗುವುದು. ಎಂದೂ ತಡಮಾಡದವರು ತಡಮಾಡಿದಾಗ, ಎಲ್ಲರೊಡನೆ ಕಾಫಿಗೆ ಬರುತ್ತಿದ್ದವರು ಒಬ್ಬರೇ ಕೂರತೊಡಗಿದಾಗ ಮೊದಲು ಗಮನಕ್ಕೆ ಬರುವುದು ಪಕ್ಕದ ಮೇಜಿನವರಿಗೆ. "ಯಾಕೋ ಸಪ್ಪಗಿದ್ದೀರಿ, ಬನ್ನಿ ಟೀ ಕುಡಿದು ಬರೋಣ" ಎನ್ನಿ. ಆಮೇಲೆ ಅವರು ಮಾತಾಡಲಿ.

ಭಕ್ತಿಯುಳ್ಳವರು ಇಲ್ಲೊಂದು ಎಚ್ಚರ ವಹಿಸಬೇಕು. ಹರಕೆ ಹೊತ್ತುಕೊಳ್ಳಿ, ಜಪ ಮಾಡಿ, ದರ್ಗಾಕ್ಕೆ ಹೋಗಿ ಬನ್ನಿ, ಎಲ್ಲ ಸರಿಹೋಗುತ್ತದೆ ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಪ್ರಾರ್ಥನೆ ಎಷ್ಟೋ ಜನರಿಗೆ ಆಸರೆಯಾಗುತ್ತದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಭಕ್ತಿ ಸಾಲದೆ ನಿಮಗೆ ಹೀಗಾಯಿತು ಎಂಬ ಅರ್ಥ ಹೊರಡುವ ಯಾವ ಮಾತನ್ನೂ ಅವರಿಗೆ ಆಡಬಾರದು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ 14416. ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಊರಿನವರಿಗೆ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಚಿಕಿತ್ಸಾಲಯಗಳಿವೆ. ಮೊದಲ ಸಲ ಜೊತೆಗೆ ಹೋಗಿ ಬನ್ನಿ. ಅವರು ಹೇಳಿಕೊಂಡದ್ದು ನಿಮ್ಮಲ್ಲೇ ಇರಲಿ, ಮ್ಯಾನೇಜರ್‌ಗೂ ಹೋಗಬಾರದು.

ಇದಕ್ಕೊಂದು ಅಪವಾದವಿದೆ. ಬದುಕಿದ್ದು ಏನು ಪ್ರಯೋಜನ ಎಂಬ ಮಾತು ಅವರ ಬಾಯಲ್ಲಿ ಬಂದರೆ ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಯೋಚನೆ ಹೆಚ್ಚುತ್ತದೆ ಎಂಬ ಭಯ ಬೇಡ, ಹಾಗೆ ಆಗುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ, ತುರ್ತಾದರೆ 112.

ಹೆಣ್ಣುಮಕ್ಕಳ ನೆಮ್ಮದಿ ಕೆಡಿಸುವ ಕಾರಣ ಕೆಲವೊಮ್ಮೆ ಅದೇ ಕೋಣೆಯಲ್ಲಿ ಕೂತಿರುತ್ತದೆ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಘಟನೆ ನಡೆದ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ಒಳ್ಳೆಯ ಮನುಷ್ಯರು, ದೈವಭಕ್ತರು, ಅವರು ಹಾಗೆ ಮಾಡಿರಲಾರರು ಎಂದು ಸಹೋದ್ಯೋಗಿಗಳು ಮೊದಲೇ ತೀರ್ಪು ಕೊಡಬಾರದು.

ಸಾವು ಬಂದ ಮನೆ

ಸಹೋದ್ಯೋಗಿಯ ಮನೆಯಲ್ಲಿ ಸಾವಾದಾಗ ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕಿ ಮುಗಿಸುವುದು ಈಗ ರೂಢಿಯಾಗಿದೆ. ಹೋಗಿ ಬನ್ನಿ. ಏನು ಮಾತಾಡಬೇಕೆಂದು ತಿಳಿಯದಿದ್ದರೆ ಮಾತಾಡದೆ ಕೂತು ಬನ್ನಿ. ಅನೇಕ ಮನೆಗಳಲ್ಲಿ ಸೂತಕ, ಉತ್ತರಕ್ರಿಯೆ ಹನ್ನೊಂದು, ಹದಿಮೂರನೆಯ ದಿನದವರೆಗೆ ನಡೆಯುತ್ತವೆ. ಕಚೇರಿ ಕೊಡುವ ರಜೆ ಅಷ್ಟಿರುವುದಿಲ್ಲ. ಅವರ ಕಡತ, ಗ್ರಾಹಕರು, ಕೊನೆಯ ದಿನಾಂಕಗಳನ್ನು ಇಬ್ಬರು ಹಂಚಿಕೊಂಡು, ನಾವು ನೋಡಿಕೊಳ್ಳುತ್ತೇವೆ, ಫೋನ್ ಮಾಡುವುದಿಲ್ಲ ಎಂದು ತಿಳಿಸಿ, ಹಾಗೆಯೇ ನಡೆದುಕೊಳ್ಳಿ.

ಸಹೋದ್ಯೋಗಿಯೇ ತೀರಿಕೊಂಡರೆ ಆ ಮನೆಗೆ ಹೂಹಾರಕ್ಕಿಂತ ಹೆಚ್ಚು ಬೇಕಾಗುವುದು ಕಾಗದಪತ್ರ ತಿಳಿದ ಒಬ್ಬ ಮನುಷ್ಯ. ಗಂಡನ ಸಂಬಳ ಎಷ್ಟೆಂದೂ ತಿಳಿಯದ ಹೆಂಡತಿ, ವಯಸ್ಸಾದ ತಂದೆ ಎಲ್ಲಿ ಹೋಗಿ ಯಾರನ್ನು ಕೇಳಬೇಕು? ಪಿಎಫ್ ಸದಸ್ಯರು ಸೇವೆಯಲ್ಲಿರುವಾಗ ತೀರಿಕೊಂಡರೆ ಮೂರು ಬಾಬ್ತು ಇರುತ್ತವೆ: ಜಮೆಯಾದ ಪಿಎಫ್ ಹಣ, ಕುಟುಂಬ ಪಿಂಚಣಿ, ಗರಿಷ್ಠ 7 ಲಕ್ಷ ರೂಪಾಯಿವರೆಗಿನ ಇಡಿಎಲ್‌ಐ ವಿಮೆ. ಬಹಳ ಮನೆಗಳು ಮೊದಲನೆಯದನ್ನು ಮಾತ್ರ ಪಡೆದು ಸುಮ್ಮನಾಗುತ್ತವೆ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಇರುವ ಐದು ವರ್ಷದ ಷರತ್ತು ಸಾವಿನ ಸಂದರ್ಭಕ್ಕೆ ಅನ್ವಯಿಸುವುದಿಲ್ಲ. ಇಎಸ್‌ಐ ಇದ್ದವರ ಅಂತ್ಯಕ್ರಿಯೆ ಖರ್ಚಿಗೆ 15,000 ರೂಪಾಯಿವರೆಗೆ ಸಿಗುತ್ತದೆ. ಗುತ್ತಿಗೆಯ ಸೆಕ್ಯುರಿಟಿಯವರು, ಸಫಾಯಿಯವರಿಗೂ ಪಿಎಫ್ ಇರುತ್ತದೆ. ಗುತ್ತಿಗೆದಾರ ಕಟ್ಟದಿದ್ದರೆ ಅದರ ಹೊಣೆ ಮುಖ್ಯ ಸಂಸ್ಥೆಯದೇ. ಈ ಅರ್ಜಿಗಳನ್ನು ತುಂಬಿಸಿ, ಮರಣ ಪ್ರಮಾಣಪತ್ರ, ಬ್ಯಾಂಕ್ ಪುಸ್ತಕ ಜೋಡಿಸಿ, ಪಿಎಫ್ ಕಚೇರಿಗೆ ಆ ತಾಯಿಯ ಜೊತೆ ಹೋಗಲು ಒಂದು ರಜೆ ಖರ್ಚಾದರೂ ಆಗಲಿ.

ಬದುಕಿರುವಾಗಲೇ ಒಬ್ಬರಿಗೊಬ್ಬರು ನೆನಪಿಸಬೇಕಾದದ್ದು ನಾಮನಿರ್ದೇಶನ. ಪಿಎಫ್ ಯೋಜನೆಯಲ್ಲಿ ಮದುವೆಗೆ ಮುಂಚೆ ತಂದೆ ತಾಯಿಯ ಹೆಸರಿನಲ್ಲಿ ಮಾಡಿದ ನಾಮನಿರ್ದೇಶನ ಮದುವೆಯಾದ ಮೇಲೆ ಅಸಿಂಧುವಾಗುತ್ತದೆ, ಹೊಸದಾಗಿ ಮಾಡಲೇಬೇಕು. ಯುಎಎನ್ ಸಂಖ್ಯೆಯಿಂದ ಪಿಎಫ್ ಜಾಲತಾಣಕ್ಕೆ ಹೋಗಿ, ಮನೆಯವರ ಆಧಾರ್ ವಿವರ, ಭಾವಚಿತ್ರ ಸೇರಿಸಿ, ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ಕೆಲಸ ಮುಗಿಯಿತು. ಹತ್ತಿರದ ಒಂದು ಶನಿವಾರ ಊಟದ ಬಿಡುವಿನಲ್ಲಿ ಕಂಪ್ಯೂಟರ್ ಬಲ್ಲ ಇಬ್ಬರು ಕೂತು, ಡ್ರೈವರು, ಅಟೆಂಡರು, ಕ್ಯಾಂಟೀನಿನವರು ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಇದನ್ನು ಮಾಡಿಸಿಕೊಡಿ. ಬರುವಾಗ ಆಧಾರ್‌ಗೆ ಜೋಡಿಸಿದ ಮೊಬೈಲನ್ನು ತಪ್ಪದೆ ತರಲು ಹಿಂದಿನ ದಿನವೇ ಹೇಳಿರಿ.